ಕೆಎಸ್‌ಐಸಿ ಮೈಸೂರು ಸಿಲ್ಕ್ ಸೀರೆ: ಹುಳು ಸಾಕಿದ ಮನೆಯವಳ ಅಭಿಪ್ರಾಯ

ಮೊದಲು ಸೀರೆಯ ವಿಷಯ ಹೇಳಿಬಿಡುತ್ತೇನೆ, ಸರ್ಕಾರದ ವಿಷಯ ಆಮೇಲೆ.

ತಂಗಿ ಮಗಳ ಮದುವೆಗೆ ಅಂತ ಕೊಂಡಿದ್ದು ಕೆಎಸ್‌ಐಸಿಯ, ಅಂದರೆ ರಾಜ್ಯ ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ, ಕ್ರೇಪ್ ಸಿಲ್ಕ್. ಅರಿಸಿನ ಬಣ್ಣದ ಒಡಲು, ಸಣ್ಣ ಜರಿ ಅಂಚು, ಸೆರಗಿಗೆ ಜರಿ ಪಟ್ಟಿ. ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿ ಕಾರ್ಖಾನೆಯ ಆವರಣದಲ್ಲೇ ಮಳಿಗೆ ಇದೆ, ಅಲ್ಲಿ ತಗೊಂಡೆ. ಬಿಲ್ಲು 25,000 ರೂಪಾಯಿಯ ಆಸುಪಾಸು. ನನ್ನಂಥ ಸಂಬಳದವರಿಗೆ ಇದು ಸಣ್ಣ ಮೊತ್ತವಲ್ಲ. ಅದಕ್ಕೇ ಉಟ್ಟು, ಮಡಿಸಿ, ಮತ್ತೆ ಉಟ್ಟು ನೋಡಿದ ಮೇಲೆ ಬರೆಯುತ್ತಿದ್ದೇನೆ.

ಉಟ್ಟರೆ ಗೊತ್ತಾಗುವ ಮೊದಲ ವಿಷಯ ಬಟ್ಟೆ ಮೈಮೇಲೆ ಬೀಳುವ ರೀತಿ. ನೆರಿಗೆ ಹಿಡಿದು ಬಿಟ್ಟರೆ ಸಾಕು, ತಾನಾಗಿ ನೆಟ್ಟಗೆ ಇಳಿಯುತ್ತದೆ. ಪಿನ್ನು ಜಾಸ್ತಿ ಬೇಕಾಗಲ್ಲ. ಬೆಳಗಿನ ಮುಹೂರ್ತಕ್ಕೆ ಉಟ್ಟಿದ್ದು, ಮಧ್ಯಾಹ್ನ ಊಟ ಬಡಿಸುವ ಹೊತ್ತಿಗೂ ಹಾಗೇ ಇತ್ತು. ಬೆವರಿದರೂ ಮೈಗೆ ಅಂಟಲಿಲ್ಲ. ಬ್ಯಾಗಿನಲ್ಲಿ ಮಡಿಸಿ ಊರಿಗೆ ಒಯ್ದಿದ್ದೆ, ತೆಗೆದು ಕೊಡವಿದರೆ ಸುಕ್ಕೇ ಇಲ್ಲ. ಜರಿ ಭುಜಕ್ಕೆ ಚುಚ್ಚುವುದಿಲ್ಲ. ಕ್ರೇಪ್ ಅಂದರೆ ಇದೇ. ನೂಲಿಗೆ ಬಿಗಿಯಾಗಿ ಹುರಿ ಹಾಕಿ, ಎಡ ಹುರಿಯ ಎಳೆ, ಬಲ ಹುರಿಯ ಎಳೆ ಹೀಗೆ ಬದಲಿಸುತ್ತಾ ನೇಯುತ್ತಾರೆ. ನೇಯ್ದ ಮೇಲೆ ಬೇಯಿಸಿ ಅಂಟು ತೆಗೆಯುತ್ತಾರೆ. ಹಸಿ ರೇಷ್ಮೆಯ ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಅಂಟೇ ಇರುತ್ತದೆ. ಆ ಅಂಟು ಬಿಟ್ಟುಹೋದಾಗ ಹುರಿ ಸಡಿಲವಾಗಿ, ಬಟ್ಟೆಗೆ ಆ ಸಣ್ಣ ಮರಳು ಮರಳಾದ ಮೈ ಬರುತ್ತದೆ. ಬೆರಳ ತುದಿಯಲ್ಲಿ ಸವರಿ ನೋಡಿ, ತಿಳಿಯುತ್ತದೆ. ಬಣ್ಣ ಹಾಕುವುದು ಅದಾದ ಮೇಲೆ.

ಜರಿಯಲ್ಲಿ 65 ಶೇಕಡ ಬೆಳ್ಳಿ, 0.65 ಶೇಕಡ ಚಿನ್ನ ಅಂತ ನಿಗಮವೇ ಹೇಳುತ್ತದೆ. ಪ್ರತಿ ಸೀರೆಗೂ ಅದರದೇ ಗುರುತಿನ ಸಂಖ್ಯೆ ಇದೆ, ಹೊಲೊಗ್ರಾಂ ಇದೆ. ನಮ್ಮತ್ತೆಯ ಹತ್ತಿರ ಅವರ ಮದುವೆ ಕಾಲದ ಮೈಸೂರು ಸಿಲ್ಕ್ ಒಂದಿದೆ. ಜರಿ ಸ್ವಲ್ಪ ಮಬ್ಬಾಗಿದೆ, ಬಟ್ಟೆ ಮಾತ್ರ ಎಲ್ಲೂ ಪಿಸಿದಿಲ್ಲ. ಈಗಲೂ ಗೌರಿ ಹಬ್ಬಕ್ಕೆ ಉಡುತ್ತಾರೆ.

ಯಾರಿಗೆ ಇದು ಸರಿಹೋಗಲ್ಲ ಅಂದರೆ, ಕಾಂಚೀಪುರದ ಥರ ಮೈತುಂಬಾ ಬುಟ್ಟಾ, ಅಗಲ ಅಂಚು, ಎರಡು ಬಣ್ಣದ ಮಿಂಚು ಬೇಕು ಅನ್ನುವವರಿಗೆ. ಮೈಸೂರು ಸಿಲ್ಕಿನ ಅಂದ ಇರುವುದೇ ಒಂದು ಬಣ್ಣದ ಒಡಲಿನಲ್ಲಿ. ಈಗ ಕಸೂತಿ, ಬಾಂಧನಿ ಅಂತ ಬೇರೆ ಬೇರೆ ಬಗೆ ಬಂದಿವೆ. ನನಗೆ ಹಳೆಯ ಸಾದಾ ಒಡಲೇ ಇಷ್ಟ.

ಇನ್ನೊಂದು, ಬೇಕೆಂದಾಗ ಬೇಕಾದ ಬಣ್ಣ ಸಿಗುವುದು ಕಷ್ಟ. ಹಬ್ಬ, ಮದುವೆ ಕಾಲದಲ್ಲಿ ಮಳಿಗೆಗಳ ಮುಂದೆ ಬೆಳಗಾಗುವ ಮೊದಲೇ ಹೆಂಗಸರು ಸಾಲು ನಿಂತ ಸುದ್ದಿ ಪತ್ರಿಕೆಗಳಲ್ಲೂ ಬಂದಿದೆ. ಈ ಸಾಲಿನ ಬಗ್ಗೆ ಕೊನೆಗೆ ಹೇಳುತ್ತೇನೆ.

ಆಫೀಸಿನಲ್ಲಿ ಸೀರೆ ನೋಡಿದ ಒಬ್ಬ ಹುಡುಗ ಕೇಳಿದ, "ಮೇಡಂ, ಸೀರೆ ನೇಯೋದೂ ಸರ್ಕಾರದ ಕೆಲಸಾನಾ? ಪ್ರೈವೇಟಿಗೆ ಬಿಟ್ರೆ ಇನ್ನೂ ಕಡಿಮೆಗೆ ಕೊಡಲ್ವಾ?" ಅವನು ತಿಳಿದವನು, ಸುಮ್ನೆ ಕೇಳಿದ್ದಲ್ಲ. ಆವತ್ತು ಅಲ್ಲಿ ಎರಡು ಮಾತಲ್ಲಿ ಮುಗಿಸಿದೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಹುಟ್ಟಿ ಬೆಳೆದಿದ್ದು ಕನಕಪುರ ತಾಲೂಕಿನ ಒಂದು ಹುಳುಮನೆಯಲ್ಲಿ, ಅಂದರೆ ರೇಷ್ಮೆ ಹುಳು ಸಾಕುವ ಮನೆಯಲ್ಲಿ. ನಾವು ಓದಿದ್ದು, ಅಕ್ಕನ ಮದುವೆಯಾಗಿದ್ದು, ಮನೆಗೆ ಹೆಂಚು ಹೋಗಿ ತಾರಸಿ ಬಂದಿದ್ದು ಎಲ್ಲಾ ರೇಷ್ಮೆ ಗೂಡಿನ ದುಡ್ಡಲ್ಲಿ.

ಈ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಿಟ್ಜರ್ಲೆಂಡಿನಿಂದ 32 ಮಗ್ಗ ತರಿಸಿದರು. ಅರಮನೆಗೂ ಸೈನ್ಯಕ್ಕೂ ಬೇಕಾದ ಬಟ್ಟೆ ಇಲ್ಲಿಂದ ಹೋಗುತ್ತಿತ್ತು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನರಾದರು. ಮರುವರ್ಷ ಮೈಸೂರು ಬ್ಯಾಂಕು, 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ, ಆಮೇಲೆ ಭದ್ರಾವತಿ ಕಬ್ಬಿಣ. ಎಲ್ಲದರಲ್ಲೂ ಸಂಸ್ಥಾನದ ಕೈ ಇತ್ತು. ಆಗ ಇಂಥದಕ್ಕೆ ದೊಡ್ಡ ಬಂಡವಾಳ ಹಾಕುವ ಖಾಸಗಿಯವರು ನಮ್ಮಲ್ಲಿ ಎಷ್ಟು ಜನ ಇದ್ದರು? ಅದಕ್ಕೂ ಮುಂಚೆ ಹೊರಗಿನಿಂದ ಬಂದವರೊಬ್ಬರು ಜಮ್‌ಶೆಟ್‌ಜಿ ಟಾಟಾ. ಜಪಾನಿನ ಪದ್ಧತಿಯಲ್ಲಿ ರೇಷ್ಮೆ ಮಾಡುವುದನ್ನು ಕಲಿಸಲು ಬೆಂಗಳೂರಲ್ಲಿ ಫಾರಂ ಮಾಡಿದರು. ಅದಕ್ಕೂ ಜಮೀನು ಕೊಟ್ಟು, ವರ್ಷವರ್ಷ ಸಹಾಯಧನ ಕೊಟ್ಟಿದ್ದು ಮೈಸೂರು ಸರ್ಕಾರವೇ. ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರಂ ಅನ್ನುವ ಹೆಸರು ಇವತ್ತಿಗೂ ಉಳಿದಿದೆ.

ಜಪಾನಿನವರೇ ಏನು ಮಾಡಿದ್ದರು? 1872ರಲ್ಲಿ ಅಲ್ಲಿನ ಸರ್ಕಾರ ತೊಮಿಯೊಕ ಅನ್ನುವ ಊರಲ್ಲಿ ತನ್ನದೇ ದುಡ್ಡಲ್ಲಿ ನೂಲು ತೆಗೆಯುವ ಕಾರ್ಖಾನೆ ಕಟ್ಟಿತು. ಫ್ರಾನ್ಸಿನ ಯಂತ್ರ, ಫ್ರಾನ್ಸಿನ ತಜ್ಞರು. ದೇಶದ ಬೇರೆ ಬೇರೆ ಕಡೆಯಿಂದ ಹೆಣ್ಣುಮಕ್ಕಳು ಬಂದು ಕೆಲಸ ಕಲಿತು, ವಾಪಸ್ ಹೋಗಿ ತಮ್ಮ ಊರಿನ ಕಾರ್ಖಾನೆಗಳಲ್ಲಿ ಕಲಿಸಿದರು. 1893ರಲ್ಲಿ ಸರ್ಕಾರ ಅದನ್ನು ಮಿತ್ಸುಯಿ ಕಂಪನಿಗೆ ಮಾರಿತು. ಕಲಿಸುವ ಕೆಲಸ ಆದ ಮೇಲೆ ಕೈ ಬಿಟ್ಟರು. ನಮ್ಮಲ್ಲಿ ಹಾಗಾಗಲಿಲ್ಲ. ಸ್ವಾತಂತ್ರ್ಯದ ನಂತರ ಕಾರ್ಖಾನೆ ರೇಷ್ಮೆ ಇಲಾಖೆಗೆ ಬಂತು, 1980ರಲ್ಲಿ ಕೆಎಸ್‌ಐಸಿಗೆ ಸೇರಿತು. ಮಾರಬೇಕಿತ್ತು ಅನ್ನುವವರು ಇದ್ದಾರೆ. ನಾನು ಅವರ ಪೈಕಿ ಅಲ್ಲ, ಕಾರಣ ಹೇಳುತ್ತೇನೆ.

ಸೀರೆಯಾಗುವ ಮುಂಚೆ ಅದು ನೂಲು, ಅದಕ್ಕೂ ಮುಂಚೆ ಗೂಡು, ಅದಕ್ಕೂ ಮುಂಚೆ ಮೊಟ್ಟೆ. ಕಾಗದದ ಹಾಳೆಯ ಮೇಲೆ ಗಸಗಸೆ ಅಷ್ಟೇ ಗಾತ್ರದ ಮೊಟ್ಟೆ ಅಂಟಿರುತ್ತವೆ. ಅದರಲ್ಲಿ ಗಂಟುರೋಗ ಇದ್ದರೆ ರೈತನ ಕಣ್ಣಿಗೆ ಕಾಣಲ್ಲ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ ಬರುವ ರೋಗ ಅದು. ಬೆಳೆ ಅರ್ಧ ಆದ ಮೇಲೆ ಗೊತ್ತಾಗುತ್ತದೆ, ಅಷ್ಟೊತ್ತಿಗೆ ತೋಟದ ಸೊಪ್ಪೆಲ್ಲ ತಿಂದಾಗಿರುತ್ತದೆ. ಇದಕ್ಕೆ ಒಂದೇ ದಾರಿ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿಕೊಟ್ಟ ವಿಧಾನ ಅದು. ಇದನ್ನು ಮನೆಮನೆಯಲ್ಲಿ ಮಾಡಲು ಆಗುತ್ತದಾ? ಅದಕ್ಕೇ 1910ರ ದಶಕದಲ್ಲೇ ಮೈಸೂರು ಸರ್ಕಾರ ಇಟಲಿಯ ತಜ್ಞರನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ಶುರು ಮಾಡಿತು. ಕುಣಿಗಲ್, ಮಾಗಡಿ ಕಡೆಯ ಬಿತ್ತನೆ ಪ್ರದೇಶದಲ್ಲಿ ಇವತ್ತಿಗೂ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುತ್ತಾರೆ. ಆ ತಳಿಯ ಹೆಣ್ಣಿಗೆ ದ್ವಿತಳಿಯ (ಬಿಳಿ ಗೂಡು ಕಟ್ಟುವ ಬೈವೋಲ್ಟೀನ್ ತಳಿಯ) ಗಂಡು ಕೂಡಿಸಿದ ಮಿಶ್ರತಳಿಯ ಹಳದಿ ಗೂಡೇ ನಮ್ಮ ಮನೆಯನ್ನು ಸಾಕಿದ್ದು.

ಹುಳುಮನೆಯ ಕಷ್ಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ, ಪೊರೆ ಬಿಡುವುದಕ್ಕೆ ನಾವು ಹಾಗನ್ನುತ್ತೇವೆ, ಆಗ ಸೊಪ್ಪು ಮುಟ್ಟುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹಸಿವೋ ಹಸಿವು. ರಾತ್ರಿ ಹೊತ್ತು ಹುಳುಮನೆ ಬಾಗಿಲಲ್ಲಿ ನಿಂತರೆ ಸಾವಿರಾರು ಬಾಯಿ ಸೊಪ್ಪು ಮೇಯುವ ಸದ್ದು ಮಳೆ ಹನಿದ ಹಾಗೆ ಕೇಳುತ್ತದೆ. ಆ ವಾರ ಅವ್ವ ಮಲಗಿದ್ದು ನಾನು ಕಂಡಿಲ್ಲ. ಹುಳು ಹಣ್ಣಾದರೆ ಊರೆಲ್ಲಾ ಕೂಲಿಗೆ ಕರೆದು, ಗೂಡು ಕಟ್ಟಲು ಚಂದ್ರಂಕಿ ಅನ್ನುವ ತಟ್ಟೆಗೆ ಬಿಡಬೇಕು. ಇದರ ನಡುವೆ ಹಾಲುತೊಂಡೆ ರೋಗ, ಸುಣ್ಣಕಟ್ಟು ರೋಗ, ಊಜಿ ನೊಣ, ಯಾವುದು ಬಂದರೂ ಬೆಳೆ ಹೋಯಿತು. ಇಷ್ಟೆಲ್ಲಾ ಆಗಿ ಕೈಗೆ ಬಂದ ಗೂಡನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೆಲವೇ ದಿನದಲ್ಲಿ ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತದೆ. ಆಮೇಲೆ ಅದಕ್ಕೆ ನೂಲಿನ ಬೆಲೆ ಇಲ್ಲ.

ಕೊಳ್ಳುವವನಿಗೆ ಇದು ಚೆನ್ನಾಗಿ ಗೊತ್ತು. ಅಜ್ಜನ ಕಾಲದಲ್ಲಿ ದಲ್ಲಾಳಿ ಊರಿಗೇ ಬಂದು, ಗೂಡು ಕೈಲಿ ಹಿಡಿದು ನೋಡಿ, ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳಿ ಹೋಗುತ್ತಿದ್ದನಂತೆ. ತಕ್ಕಡಿ ಅವನದೇ. ದುಡ್ಡು ಯಾವಾಗ ಅನ್ನುವುದೂ ಅವನ ಮರ್ಜಿ. 1959ರಲ್ಲಿ ರಾಜ್ಯ ಕಾನೂನು ತಂದಿತು. ಗೂಡಿನ ಮಾರಾಟ ಸರ್ಕಾರದ ಮಾರುಕಟ್ಟೆಯಲ್ಲಿ, ಹರಾಜಿನಲ್ಲೇ ಆಗಬೇಕು. ನಮ್ಮ ದೇಶದ ಅಭಿವೃದ್ಧಿಯಲ್ಲಿ ಸರ್ಕಾರ ಕೈ ಹಾಕಿದ್ದರಿಂದ ಆದ ಒಳ್ಳೆಯದನ್ನು ತೋರಿಸಿ ಅಂದರೆ, ನಾನು ರಾಮನಗರದ ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತೇನೆ.

ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಅಂತ ಅದಕ್ಕೆ ಹೆಸರು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗುತ್ತಿದ್ದೆ. ಗೂಡು ಸುರಿದು ಲಾಟ್ ನಂಬರು ಹಾಕಿಸಿದ ಮೇಲೆ ರೀಲರುಗಳು, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಬರುತ್ತಿದ್ದರು. ಒಬ್ಬ ವಯಸ್ಸಾದ ರೀಲರು ಯಾವಾಗಲೂ ರಾಶಿಯ ಒಳಗೆ ಕೈ ಹಾಕಿ, ಅಡಿಯಿಂದ ಗೂಡು ತೆಗೆಯುತ್ತಿದ್ದರು. ಒತ್ತಿ ನೋಡಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಹುಳು ಖಡಕ್ಕಾಗಿ ಬಡಿದರೆ ಒಳ್ಳೆ ಗೂಡು. ಸದ್ದು ಬರದಿದ್ದರೆ ಒಳಗೇ ಸತ್ತು ಅಂಟಿಕೊಂಡಿದೆ ಅಂತ.

"ಏನ್ ಸಾಹೇಬ್ರೇ, ಈ ಸಲ ಹೇಗೆ?" ಅಪ್ಪ ಕೇಳುತ್ತಿದ್ದರು.

"ಗೂಡು ಚೆನ್ನಾಗಿದೆ ಗೌಡ್ರೇ, ಬಜಾರೇ ಸರಿಯಿಲ್ಲ" ಅನ್ನುತ್ತಿದ್ದರು ಅವರು, ಪ್ರತಿ ಸಲ.

ಆದರೆ ಹರಾಜಿನಲ್ಲಿ ಅವರ ಪಕ್ಕದಲ್ಲಿ ಇನ್ನೂ ಹತ್ತಾರು ಜನ ಕೂಗುತ್ತಿದ್ದರು. ಬೆಲೆ ಒಪ್ಪಿಗೆಯಾಗದಿದ್ದರೆ ಕೊಡಲ್ಲ ಅನ್ನುವ ಹಕ್ಕು ಅಪ್ಪನಿಗೆ ಇತ್ತು. ತೂಕ ಸರ್ಕಾರದ ಕಾಟಾದಲ್ಲಿ. ದುಡ್ಡಿಗೆ ಚೀಟಿ. ಈಗ ಇ-ಹರಾಜು ಬಂದಿದೆ, ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಗೂಡು ಬೆಳೆದವರು ನಾವು, ನೂಲು ತೆಗೆದವರು ಅವರು. ಅವರ ಕಷ್ಟವೂ ಕಡಿಮೆಯೇನಲ್ಲ. ಒಂದು ಕೆಜಿ ನೂಲಿಗೆ ಆರೇಳು ಕೆಜಿ ಗೂಡು ಬೇಕು, ಬಿಸಿ ನೀರಲ್ಲಿ ದಿನವಿಡೀ ಬೆರಳು ಅದ್ದಬೇಕು. ನೂಲಿನ ಬೆಲೆ ಬಿದ್ದಾಗ ಕೊಳ್ಳಲು ಅಂತ 1979ರಲ್ಲಿ ರೇಷ್ಮೆ ಮಾರಾಟ ಮಂಡಳಿಯನ್ನೂ ಮಾಡಿದರು. ಕೆಎಸ್‌ಐಸಿ ಕೂಡ ಇಂಥ ಮಾರುಕಟ್ಟೆಗಳಲ್ಲೇ ಗೂಡು ಕೊಂಡು, ಟಿ. ನರಸೀಪುರದ ತನ್ನ ಕಾರ್ಖಾನೆಯಲ್ಲಿ ನೂಲು ತೆಗೆದು, ಮೈಸೂರಿಗೆ ನೇಯ್ಗೆಗೆ ಕಳಿಸುತ್ತದೆ. ಗೂಡಿನಿಂದ ಸೆರಗಿನವರೆಗೆ ಒಂದೇ ಕೈ. ನನ್ನ ಸೀರೆಯ ಸಂಖ್ಯೆಗೆ ಬೆಲೆ ಬಂದಿರುವುದು ಇದರಿಂದ.

ಈ ಸಂಖ್ಯೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ನಮ್ಮ ಚಿಕ್ಕಮ್ಮನಿಗೆ ಗೊತ್ತು. ಹೆಸರು ಬೇಡ, ಒಂದು ಅಂಗಡಿಯಲ್ಲಿ "ಅಸಲಿ ಮೈಸೂರು ಸಿಲ್ಕ್" ಅಂತ ಅರ್ಧ ಬೆಲೆಗೆ ಕೊಟ್ಟರು. ಅನುಮಾನ ಬಂದು ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದೆವು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಇದು ಕರಗಿ ಗಟ್ಟಿ ಉಂಡೆಯಾಯಿತು. ಚಿಕ್ಕಮ್ಮ ಏನೂ ಮಾತಾಡಲಿಲ್ಲ, ಸೀರೆ ಮಡಿಸಿ ಒಳಗಿಟ್ಟರು. ಆರು ತಿಂಗಳು ಚೀಟಿ ಕಟ್ಟಿದ ದುಡ್ಡು ಅದು. ಮೈಸೂರು ಸಿಲ್ಕ್‌ಗೆ ಭೌಗೋಳಿಕ ಗುರುತು (ಜಿಐ), ಅಂದರೆ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿದ್ದು 2005ರಲ್ಲಿ. ಶುದ್ಧ ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ 2004ರಿಂದ ಇದೆ. ಕಾನೂನು ಇದ್ದರೂ ಹೆಸರು ಕದಿಯುವುದು ನಿಂತಿಲ್ಲ. ಇಲ್ಲಿ ಸರ್ಕಾರ ಇನ್ನೂ ಗಟ್ಟಿಯಾಗಿ ಕೈ ಹಾಕಬೇಕು.

ಈಗ ಕಹಿ ಭಾಗ. ರೇಷ್ಮೆ ಬೆಳೆಯುವುದರಲ್ಲಿ ಚೀನಾ ಮೊದಲು, ನಾವು ಎರಡನೆಯವರು. ದೇಶದೊಳಗೆ ಕರ್ನಾಟಕವೇ ಮೊದಲು. ಆದರೂ ನಮ್ಮ ಮಗ್ಗಗಳಿಗೆ ಬೇಕಾದಷ್ಟು ನೂಲು ನಮ್ಮಲ್ಲಿ ಆಗುವುದಿಲ್ಲ, ಚೀನಾದಿಂದ ತರಿಸಬೇಕು. ಆ ನೂಲಿನ ಮೇಲೆ 30 ಶೇಕಡ ಸುಂಕ ಇತ್ತು. 2011ರ ಕೇಂದ್ರ ಬಜೆಟ್‌ನಲ್ಲಿ ಅದನ್ನು ಒಂದೇ ಏಟಿಗೆ 5ಕ್ಕೆ ಇಳಿಸಿದರು. ಕೆಲವೇ ತಿಂಗಳಲ್ಲಿ ಗೂಡಿನ ಬೆಲೆ ಸರ್ರನೆ ಕುಸಿಯಿತು. ರೈತರು ಬೀದಿಗಿಳಿದರು. ನಮ್ಮ ಊರಲ್ಲಿ ಹಿಪ್ಪುನೇರಳೆ ಕಿತ್ತು ಬೇರೆ ಬೆಳೆಗೆ ಹೋದವರು ಇದ್ದಾರೆ. ಅಪ್ಪ ಒಂದು ಭಾಗ ತೋಟ ಕಿತ್ತರು. ಗುದ್ದಲಿ ಹಿಡಿದು ನಿಂತಿದ್ದ ಅವರ ಮುಖ ನೆನಪಿದೆ. ಹತ್ತಾರು ವರ್ಷ ಕಡ್ಡಿ ಕೊಟ್ಟ ಬುಡಗಳು ಅವು. 2013ರಲ್ಲಿ ಸುಂಕ 15ಕ್ಕೆ ಏರಿತು. ಆಮೇಲೆ 10 ಆಯಿತು, 2021ರ ಬಜೆಟ್‌ನಲ್ಲಿ ಮತ್ತೆ 15.

ಸುಂಕ ಜಾಸ್ತಿ ಇದ್ದರೆ ಎಲ್ಲರಿಗೂ ಒಳ್ಳೆಯದು ಅಂತ ಹೇಳಲ್ಲ. ಬನಾರಸಿನ ನೇಕಾರನಿಗೆ, ನಮ್ಮ ಮೊಳಕಾಲ್ಮೂರಿನ ನೇಕಾರನಿಗೆ ನೂಲೇ ಬಂಡವಾಳ. ನೂಲು ತುಟ್ಟಿಯಾದರೆ ಅವನ ಮಗ್ಗ ನಿಲ್ಲುತ್ತದೆ. ಅವನೂ ನಮ್ಮವನೇ ಅಲ್ವಾ? ನನ್ನ ಸಿಟ್ಟು ಸುಂಕ ಇಳಿಸಿದ್ದಕ್ಕಿಂತ ಇಳಿಸಿದ ರೀತಿಯ ಮೇಲೆ. ಹಿಪ್ಪುನೇರಳೆ ನೆಟ್ಟರೆ ಹದಿನೈದು ವರ್ಷ ಇರುತ್ತದೆ. ಅಷ್ಟು ದೂರದ ಲೆಕ್ಕ ಹಾಕಿ ತೋಟ ಮಾಡಿದ ರೈತನಿಗೆ ಒಂದು ಬಜೆಟ್ ಭಾಷಣದಲ್ಲಿ ಲೆಕ್ಕ ತಪ್ಪಿಸಬಾರದು. ಐದು ವರ್ಷದಲ್ಲಿ ಇಷ್ಟಿಷ್ಟೇ ಇಳಿಸುತ್ತೇವೆ, ಅಷ್ಟರೊಳಗೆ ನೀವು ಬಿಳಿ ಗೂಡಿಗೆ ಬನ್ನಿ, ಅದಕ್ಕೆ ಬೇಕಾದ ಹುಳುಮನೆ, ಯಂತ್ರ ನಾವು ಕೊಡುತ್ತೇವೆ ಅಂತ ಮೊದಲೇ ಹೇಳಿದ್ದರೆ ಅದು ಬೇರೆ ಮಾತು.

ಅದು ಆಗದ ಕೆಲಸವೂ ಅಲ್ಲ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ 1991ರಿಂದ ಜಪಾನಿನ ನೆರವಿನಲ್ಲಿ ದ್ವಿತಳಿಯ ಕೆಲಸ ನಡೆಯಿತು. ನಮ್ಮ ಬಿಸಿಲಿಗೂ ತಡೆಯುವ ಸಿಎಸ್‌ಆರ್ ಅನ್ನುವ ಹುಳುವಿನ ತಳಿಗಳು ಬಂದವು. ಅದೇ ಸಂಸ್ಥೆಯ ವಿ-1 ಹಿಪ್ಪುನೇರಳೆ ಇವತ್ತು ನಮ್ಮ ಕಡೆ ತೋಟ ತೋಟದಲ್ಲೂ ಇದೆ. ಎಲೆ ದೊಡ್ಡದು, ದಪ್ಪ, ಹೊಳಪು. ಈಗ ತೋಟ ನೋಡಿಕೊಳ್ಳುತ್ತಿರುವ ತಮ್ಮ ಬಿಳಿ ಗೂಡೇ ಬೆಳೆಯುತ್ತಾನೆ. ಎಳೆ ಉದ್ದ, ಮಧ್ಯೆ ಕಡಿಯುವುದು ಕಡಿಮೆ, ಬೆಲೆ ಜಾಸ್ತಿ. ಚೀನಾ ನೂಲಿಗೆ ಉತ್ತರ ಕೊಡಬೇಕಾದ್ದು ಇಂಥ ಗೂಡು. ಸುಂಕ ಅನ್ನುವುದು ಅದಕ್ಕೆ ಬೇಕಾದ ಸಮಯ ಕೊಡುತ್ತದೆ, ಅಷ್ಟೇ. ಆ ಸಮಯದಲ್ಲಿ ಕೆಲಸ ಮಾಡಬೇಕು.

ಆಫೀಸಿನ ಹುಡುಗನ ಪ್ರಶ್ನೆಗೆ ಬರುತ್ತೇನೆ. ಮೊಟ್ಟೆ ಪರೀಕ್ಷೆ, ತಳಿ ಸಂಶೋಧನೆ, ತಕ್ಕಡಿ, ಹರಾಜು, ಇವು ಸರ್ಕಾರ ಬಿಟ್ಟರೆ ಕೆಡುವ ಕೆಲಸಗಳು. ನೇಯುವುದನ್ನು ಬೇರೆಯವರೂ ಚೆನ್ನಾಗಿ ಮಾಡಬಲ್ಲರು, ಒಪ್ಪುತ್ತೇನೆ. ಆದರೆ ಅಸಲಿ ಮೈಸೂರು ಸಿಲ್ಕ್ ಹೇಗಿರಬೇಕು ಅನ್ನುವುದಕ್ಕೆ ಮಾರುಕಟ್ಟೆಯಲ್ಲಿ ಒಂದು ಅಳತೆ ಬೇಕು. ಆ ಅಳತೆ ಈ ಕಾರ್ಖಾನೆ. ಇದನ್ನು ಮಾರಿದರೆ ಹೆಸರು ಉಳಿಯುತ್ತದೆ, ಜರಿಯ ಬೆಳ್ಳಿ ಮೊದಲು ಕಡಿಮೆಯಾಗುತ್ತದೆ. ಅದು ನನ್ನ ಭಯ.

ಹಾಗಂತ ಈಗಿರುವ ಹಾಗೇ ಇರಲಿ ಅಂತಲೂ ಅಲ್ಲ. ಇಷ್ಟು ಬೇಡಿಕೆ ಇರುವ ಮಾಲಿಗೆ ಜನ ಕತ್ತಲಲ್ಲಿ ಸಾಲು ನಿಲ್ಲಬಾರದು. ಮಗ್ಗ ಹೆಚ್ಚಿಸಬೇಕು, ಪಾಳಿ ಹೆಚ್ಚಿಸಬೇಕು, ನೇಯುವ ಕೈಗಳನ್ನು ಕಾಯಂ ಮಾಡಿ ತಯಾರು ಮಾಡಬೇಕು. ತೊಮಿಯೊಕದವರು ಹೆಣ್ಣುಮಕ್ಕಳಿಗೆ ಕಲಿಸಿ ಊರೂರಿಗೆ ಕಳಿಸಿದ್ದರಲ್ಲ, ಅದನ್ನು ನಾವು ಈಗಲೂ ಮಾಡಬಹುದು. ಸೀರೆ ಜಾಸ್ತಿ ಆದರೆ ಗೂಡು ಜಾಸ್ತಿ ಬೇಕು, ರಾಮನಗರದಲ್ಲಿ ಬೆಲೆ ನಿಲ್ಲುತ್ತದೆ.

ಸೀರೆಗೆ ನನ್ನ ಅಂಕ ಐದಕ್ಕೆ ನಾಲ್ಕೂವರೆ. ಕಳೆದ ಅರ್ಧ ಬಣ್ಣಗಳ ಆಯ್ಕೆ ಸಿಗದ್ದಕ್ಕೆ.

ಕೊಳ್ಳುವವರಿಗೆ ಕೆಲವು ಮಾತು. ಹಬ್ಬಕ್ಕೆ ಬೇಕಿದ್ದರೆ ಹಬ್ಬದ ಹತ್ತಿರ ಹೋಗಬೇಡಿ, ಸುಮ್ನೆ ಅಲೆದಾಟ. ಮೊದಲ ಸೀರೆಯಾದರೆ ಸಣ್ಣ ಅಂಚಿನದು ತಗೊಳ್ಳಿ, ಉಡಲು ಸುಲಭ. ಅಂಗಡಿಯ ದೀಪದಲ್ಲಿ ಬಣ್ಣ ಬೇರೆ ಕಾಣುತ್ತದೆ, ಬಾಗಿಲ ಹತ್ತಿರದ ಬೆಳಕಿಗೆ ಹಿಡಿದು ನೋಡಿ. ಸೆರಗಿನ ಸಂಖ್ಯೆ, ಹೊಲೊಗ್ರಾಂ ಎರಡೂ ನೋಡಿಕೊಳ್ಳಿ, ಬಿಲ್ಲು ಎಸೆಯಬೇಡಿ. ಸೆಂಟು ಜರಿಗೆ ತಾಗಬಾರದು. ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಜರಿ ಮಡಿಕೆಯ ಗೆರೆಯಲ್ಲೇ ಮುರಿಯುತ್ತದೆ.